ಗಾಡಿಯ ನಂಬರು ಓದೋಣ ಬನ್ನಿ
(ಮೆಮು, ಡೆಮು, ವಂದೇ ಭಾರತ್: ಬಹುಘಟಕ ರೈಲುಗಳ ವರ್ಗೀಕರಣ ಮತ್ತು ಸಂಖ್ಯಾಕ್ರಮ)



ನಮ್ಮ ಕಾಲೇಜಿಗೆ ದಿನವೂ ರೈಲಿನಲ್ಲಿ ಬಂದು ಹೋಗುವವರು ಕಡಿಮೆಯಿಲ್ಲ. ಅವರಲ್ಲಿ ಪ್ರಥಮ ಪಿಯುಸಿಯ ಒಬ್ಬ ಹುಡುಗ ಒಂದು ದಿನ ಮೊದಲ ಅವಧಿ ಮುಗಿದ ಮೇಲೆ ತರಗತಿಗೆ ಬಂದು ಬಾಗಿಲಲ್ಲೇ ನಿಂತ. ಮುಖ ಸಣ್ಣದಾಗಿತ್ತು. ಏನಾಯಿತೆಂದು ಕೇಳಿದೆ.

“ಮೊಬೈಲಿನಲ್ಲಿ ಹತ್ತು ರೂಪಾಯಿಯ ಟಿಕೆಟ್ ತೆಗೆದಿದ್ದೆ ಸರ್. ಗಾಡಿ ಬಂತು, ಹತ್ತಿದೆ. ಅದು ಎಕ್ಸ್‌ಪ್ರೆಸ್ ಅಂತ ಆಮೇಲೆ ಗೊತ್ತಾಯಿತು. ಟಿಕೆಟ್ ಪರೀಕ್ಷಕರು ದಂಡ ಹಾಕಿದರು. ಪ್ರಾಕ್ಟಿಕಲ್ ರೆಕಾರ್ಡ್ ತಗೋ ಅಂತ ಅಮ್ಮಿ ಕೊಟ್ಟಿದ್ದ ದುಡ್ಡು ಸರ್...”

ಪರೀಕ್ಷಕರು ಮಾಡಿದ್ದು ನಿಯಮದ ಪ್ರಕಾರವೇ. ಆರ್ಡಿನರಿ ಟಿಕೆಟ್ಟಿನಲ್ಲಿ ಎಕ್ಸ್‌ಪ್ರೆಸ್ ಗಾಡಿ ಹತ್ತುವಂತಿಲ್ಲ. ಹುಡುಗನೂ ಮೋಸ ಮಾಡಲು ಹೊರಟವನಲ್ಲ. ಪ್ಲಾಟ್‌ಫಾರ್ಮಿನ ಫಲಕದಲ್ಲಿ ಊರಿನ ಹೆಸರನ್ನು ಓದಿದ, ಅದರ ಪಕ್ಕದಲ್ಲೇ ಇದ್ದ ಐದು ಅಂಕಿಗಳನ್ನು ಓದಲಿಲ್ಲ. ಆ ಐದರಲ್ಲಿ ಮೊದಲನೆಯದೊಂದನ್ನು ನೋಡಿದ್ದರೂ ಸಾಕಿತ್ತು, ದುಡ್ಡು ಉಳಿಯುತ್ತಿತ್ತು. ಆ ದಿನ ತರಗತಿಯಲ್ಲಿ ಹತ್ತು ನಿಮಿಷ ಈ ವಿಷಯ ಮಾತಾಡಿದೆ. ಹತ್ತು ನಿಮಿಷಕ್ಕೆ ಮುಗಿಯುವ ವಿಷಯ ಅದಲ್ಲ ಎಂದು ತಿಳಿದು ಈಗ ಬರೆಯುತ್ತಿದ್ದೇನೆ.

ಬಹುಘಟಕ ರೈಲು ಎಂದರೇನು?

ಸಾಮಾನ್ಯ ಎಕ್ಸ್‌ಪ್ರೆಸ್ ಗಾಡಿಯಲ್ಲಿ ಮುಂದೆ ಒಂದು ಎಂಜಿನ್ ಇರುತ್ತದೆ, ಹಿಂದಿನ ಬೋಗಿಗಳನ್ನೆಲ್ಲ ಅದೇ ಎಳೆಯುತ್ತದೆ. ಬಹುಘಟಕ ರೈಲಿನಲ್ಲಿ ಬೇರೆ ಎಂಜಿನ್ ಇರುವುದಿಲ್ಲ. ಪ್ರಯಾಣಿಕರು ಕುಳಿತ ಬೋಗಿಗಳಲ್ಲೇ ಕೆಲವಕ್ಕೆ ಮೋಟಾರು ಅಳವಡಿಸಿರುತ್ತಾರೆ. ಗಾಡಿಯ ಎರಡೂ ತುದಿಗಳಲ್ಲಿ ಚಾಲಕನ ಕೋಣೆ ಇರುತ್ತದೆ. ಒಬ್ಬ ಚಾಲಕ ಒಂದು ತುದಿಯಲ್ಲಿ ಕುಳಿತು ಹಿಡಿ ತಿರುಗಿಸಿದರೆ ಎಲ್ಲ ಬೋಗಿಗಳ ಮೋಟಾರುಗಳೂ ಒಟ್ಟಿಗೆ ಕೆಲಸ ಮಾಡುತ್ತವೆ. ಈ ನಿಯಂತ್ರಣ ವ್ಯವಸ್ಥೆಯನ್ನು ಅಮೆರಿಕದ ಎಂಜಿನಿಯರ್ ಫ್ರಾಂಕ್ ಸ್ಪ್ರೇಗ್ 1897ರಲ್ಲಿ ಷಿಕಾಗೊ ನಗರದ ಎತ್ತರಿಸಿದ ರೈಲುಮಾರ್ಗಕ್ಕಾಗಿ ರೂಪಿಸಿದರು.

ಇದರಿಂದ ಲಾಭವೇನು? ಭೌತಶಾಸ್ತ್ರದ ಘರ್ಷಣೆಯ ಪಾಠ ನೆನಪು ಮಾಡಿಕೊಳ್ಳಿ. ಗಾಲಿ ಹಳಿಯನ್ನು ಹಿಂದಕ್ಕೆ ತಳ್ಳಿದಾಗ ಗಾಡಿ ಮುಂದಕ್ಕೆ ಹೋಗುತ್ತದೆ. ಜಾರದೆ ತಳ್ಳಬಹುದಾದ ಗರಿಷ್ಠ ಬಲ, ಮೋಟಾರು ತಿರುಗಿಸುವ ಗಾಲಿಗಳ ಮೇಲೆ ಬಿದ್ದ ಭಾರವನ್ನು ಅವಲಂಬಿಸಿದೆ. ನಮ್ಮ ಕಡೆ ಓಡುವ ಡಬ್ಲ್ಯೂಎಪಿ-7 ಎಂಜಿನ್ನಿನ ತೂಕ 123 ಟನ್. ಹಿಂದೆ ಎಷ್ಟೇ ಬೋಗಿ ಇರಲಿ, ಎಳೆಯಲು ಸಿಗುವ ಹಿಡಿತ ಆ 123 ಟನ್ನಿನದು ಮಾತ್ರ. ಬಹುಘಟಕ ರೈಲಿನಲ್ಲಿ ಮೋಟಾರುಗಳು ಗಾಡಿಯ ಉದ್ದಕ್ಕೂ ಹಂಚಿಹೋಗಿರುವುದರಿಂದ ಗಾಡಿಯದೇ ತೂಕದ ದೊಡ್ಡ ಪಾಲು ಹಿಡಿತಕ್ಕೆ ಒದಗುತ್ತದೆ. ಹಾಗಾಗಿ ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ. ನಾಲ್ಕೈದು ಕಿಲೋಮೀಟರಿಗೊಂದು ನಿಲ್ದಾಣದಲ್ಲಿ ನಿಲ್ಲುವ ಗಾಡಿಗೆ ಇದು ಬಹಳ ಮುಖ್ಯ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುವ ಕೆಲಸವೂ ಇಲ್ಲ. ಚಾಲಕರು ಆ ತುದಿಗೆ ನಡೆದು ಹೋದರೆ ಗಾಡಿ ಮರಳಲು ಸಿದ್ಧ.

ನಮ್ಮ ದೇಶದ ಮೊದಲ ವಿದ್ಯುತ್ ರೈಲೇ ಬಹುಘಟಕ ರೈಲು. 1925ರ ಫೆಬ್ರುವರಿ 3ರಂದು ಅದು ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿತು. 1931ರಲ್ಲಿ ಮದ್ರಾಸಿನ ಬೀಚ್–ತಾಂಬರಂ ಮಾರ್ಗದಲ್ಲೂ, 1957ರಲ್ಲಿ ಹೌರಾ ಕಡೆಯಲ್ಲೂ ಇಂಥ ಗಾಡಿಗಳು ಬಂದವು.

ಇಂದು ನಮ್ಮಲ್ಲಿರುವ ಮುಖ್ಯ ಬಗೆಗಳು ಮೂರು.

ಇಎಂಯು: ಮುಂಬೈ, ಚೆನ್ನೈ, ಕೋಲ್ಕತ್ತಗಳ ಲೋಕಲ್ ಗಾಡಿಗಳು. ವಿದ್ಯುತ್ತಿನಿಂದ ಓಡುತ್ತವೆ. ಅಗಲವಾದ ಬಾಗಿಲು, ನಿಲ್ಲಲು ಹೆಚ್ಚು ಜಾಗ. ನಗರದೊಳಗಿನ ಓಡಾಟಕ್ಕೆ ಮಾಡಿದವು.

ಮೆಮು: ಇದೂ ವಿದ್ಯುತ್ತಿನದೇ, ಆದರೆ ನಗರದಿಂದ ಆಚೆಗಿನ ಮುಖ್ಯಮಾರ್ಗಗಳಲ್ಲಿ ಊರಿಂದ ಊರಿಗೆ ಓಡಲು ಮಾಡಿದ್ದು. ತಲೆಯ ಮೇಲಿನ 25 ಸಾವಿರ ವೋಲ್ಟಿನ ತಂತಿಯಿಂದ ಪ್ಯಾಂಟೋಗ್ರಾಫ್ ಮೂಲಕ ವಿದ್ಯುತ್ ಪಡೆದು, ಟ್ರಾನ್ಸ್‌ಫಾರ್ಮರಿನಿಂದ ಅದನ್ನು ಇಳಿಸಿಕೊಂಡು ಮೋಟಾರಿಗೆ ಕೊಡುತ್ತದೆ. ಸಾಂಪ್ರದಾಯಿಕ ಮೆಮುವಿನಲ್ಲಿ ಒಂದು ಮೋಟಾರು ಬೋಗಿ, ಮೂರು ಮೋಟಾರಿಲ್ಲದ ಬೋಗಿ ಸೇರಿ ಒಂದು ಘಟಕ. ಎರಡು ಘಟಕ ಸೇರಿದರೆ ಎಂಟು ಬೋಗಿಯ ಗಾಡಿ, ನಾಲ್ಕು ಸೇರಿದರೆ ಹದಿನಾರು. “ಬಹುಘಟಕ” ಎಂಬ ಹೆಸರಿನ ಅರ್ಥ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಡೆಮು: ತಂತಿ ಇಲ್ಲದ ಮಾರ್ಗಗಳಿಗಾಗಿ ಬಂದದ್ದು. ಪವರ್ ಕಾರ್‌ನಲ್ಲಿ ಡೀಸೆಲ್ ಎಂಜಿನ್ ಇದ್ದು, ಅದು ಜನರೇಟರ್ ತಿರುಗಿಸಿ ಮೋಟಾರಿಗೆ ವಿದ್ಯುತ್ ಒದಗಿಸುತ್ತದೆ. ಗಾಡಿಯೇ ತನ್ನ ವಿದ್ಯುತ್ ಕೇಂದ್ರವನ್ನು ಹೊತ್ತು ಓಡುತ್ತದೆ ಎನ್ನಬಹುದು.

ಐದು ಅಂಕಿಗಳ ಅರ್ಥ

ಭಾರತೀಯ ರೈಲ್ವೆಯಲ್ಲಿ 2010ರ ಡಿಸೆಂಬರ್ 20ರಿಂದ ಪ್ರಯಾಣಿಕರ ಗಾಡಿಗಳಿಗೆಲ್ಲ ಐದು ಅಂಕಿಗಳ ಸಂಖ್ಯೆ ಬಂತು. ಅದಕ್ಕೂ ಮೊದಲು ಎಕ್ಸ್‌ಪ್ರೆಸ್ ಗಾಡಿಗಳಿಗೆ ನಾಲ್ಕೇ ಅಂಕಿ ಇತ್ತು. ಮೊದಲ ಅಂಕಿ ಗಾಡಿಯ ವರ್ಗವನ್ನು ಹೇಳುತ್ತದೆ:

0 – ವಿಶೇಷ ಗಾಡಿಗಳು (ಹಬ್ಬ, ಬೇಸಿಗೆ ರಜೆ, ಪರೀಕ್ಷೆ ಇತ್ಯಾದಿಗೆ)
1 ಮತ್ತು 2 – ದೂರ ಪ್ರಯಾಣದ ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳು
3 – ಕೋಲ್ಕತ್ತದ ಉಪನಗರ ಗಾಡಿಗಳು
4 – ಚೆನ್ನೈ, ದೆಹಲಿ, ಸಿಕಂದರಾಬಾದ್ ಮುಂತಾದ ನಗರಗಳ ಉಪನಗರ ಗಾಡಿಗಳು
5 – ಎಂಜಿನ್ ಎಳೆಯುವ ಸಾಮಾನ್ಯ ಪ್ಯಾಸೆಂಜರ್
6 – ಮೆಮು
7 – ಡೆಮು ಮತ್ತು ರೈಲ್‌ಕಾರ್
8 – ಸುವಿಧಾ ಎಂಬ ವಿಶೇಷ ದರದ ಗಾಡಿಗಳಿಗೆ ಬಳಕೆಯಾದದ್ದು
9 – ಮುಂಬೈ ಉಪನಗರ ಗಾಡಿಗಳು

ಎರಡನೆಯ ಅಂಕಿ 5, 6, 7ರಿಂದ ಆರಂಭವಾಗುವ ಗಾಡಿಗಳಲ್ಲಿ ರೈಲ್ವೆ ವಲಯವನ್ನು ಸೂಚಿಸುತ್ತದೆ. 6 ಎಂದರೆ ದಕ್ಷಿಣ ಅಥವಾ ನೈಋತ್ಯ ರೈಲ್ವೆ. ಆದ್ದರಿಂದ ನಮ್ಮ ಕಡೆಯ ಮೆಮುಗಳು 66ರಿಂದ, ಡೆಮುಗಳು 76ರಿಂದ ಶುರುವಾಗುವುದನ್ನು ಕಾಣುತ್ತೀರಿ. ಹೋಗುವ ಗಾಡಿಗೆ ಒಂದು ಸಂಖ್ಯೆ ಇದ್ದರೆ ಮರಳುವ ಗಾಡಿಗೆ ಸಾಮಾನ್ಯವಾಗಿ ಅದರ ಜೋಡಿ ಸಂಖ್ಯೆ ಇರುತ್ತದೆ.

ನಮ್ಮ ಹುಡುಗ ಹತ್ತಿದ ಗಾಡಿಯ ಸಂಖ್ಯೆ 1ರಿಂದ ಆರಂಭವಾಗಿತ್ತು. ಅವನ ಟಿಕೆಟ್ 6ರಿಂದ ಆರಂಭವಾಗುವ ಗಾಡಿಗೆ ಸಲ್ಲುವಂಥದ್ದು. ಟಿಕೆಟ್ಟಿನ ಮೇಲೆ ಆರ್ಡಿನರಿ ಎಂದಿದೆಯೋ ಮೇಲ್/ಎಕ್ಸ್‌ಪ್ರೆಸ್ ಎಂದಿದೆಯೋ ನೋಡಿ, ಫಲಕದಲ್ಲಿ ಗಾಡಿಯ ಮೊದಲ ಅಂಕಿ ನೋಡಿ. ಎರಡೂ ಹೊಂದಿದರೆ ಮಾತ್ರ ಹತ್ತಿ.

ಒಂದು ಸೊನ್ನೆಯ ಬೆಲೆ

ಸಂಖ್ಯೆ ಬರೀ ಗುರುತು, ಅದರಿಂದ ಏನಾಗುತ್ತದೆ ಎಂದು ನಿಮಗನ್ನಿಸಬಹುದು. ಇತ್ತೀಚಿನ ಒಂದು ಉದಾಹರಣೆ ನೋಡಿ.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ದೇಶದಲ್ಲಿ ಪ್ರಯಾಣಿಕರ ರೈಲುಗಳು ನಿಂತವು. ಮುಂದೆ ಪ್ಯಾಸೆಂಜರ್, ಮೆಮು, ಡೆಮುಗಳು ಮತ್ತೆ ಆರಂಭವಾದಾಗ ಸೊನ್ನೆಯಿಂದ ಶುರುವಾಗುವ “ವಿಶೇಷ” ಸಂಖ್ಯೆಗಳಲ್ಲಿ, ಎಕ್ಸ್‌ಪ್ರೆಸ್ ದರದಲ್ಲಿ ಓಡಿದವು. ಕನಿಷ್ಠ ದರ 10 ರೂಪಾಯಿ ಇದ್ದದ್ದು 30 ರೂಪಾಯಿ ಆಯಿತು. ಅದೇ ಹಳಿ, ಅದೇ ಬೋಗಿ, ಅದೇ ನಿಲ್ದಾಣಗಳು. ಬದಲಾದದ್ದು ಗಾಡಿಯನ್ನು ಇಟ್ಟ ವರ್ಗ. ತರಕಾರಿ ಬುಟ್ಟಿ ಹೊತ್ತು ಪೇಟೆಗೆ ಹೋಗುವವರಿಗೆ, ಕಾರ್ಖಾನೆಯ ಪಾಳಿಗೆ ಹೋಗುವವರಿಗೆ, ನಿಮ್ಮಂಥ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸ ದಿನದಿನವೂ ಕೈಕಚ್ಚಿತು. 2024ರ ಫೆಬ್ರುವರಿ ಕೊನೆಯಲ್ಲಿ ಆರ್ಡಿನರಿ ದರ ಮರಳಿತು. 2025ರ ಜನವರಿ 1ರಿಂದ ಈ ಗಾಡಿಗಳಿಗೆ 5, 6, 7ರ ಹಳೆಯ ಸಾಲಿನ ಸಂಖ್ಯೆಗಳೂ ಮರಳಿದವು.

ಹಾಗಾದರೆ ವರ್ಗೀಕರಣ ಎಂಬುದು ಪುಸ್ತಕದೊಳಗಿನ ಪಟ್ಟಿ ಮಾತ್ರ ಅಲ್ಲ. ಒಂದು ವಸ್ತುವನ್ನು ಯಾವ ಗುಂಪಿಗೆ ಸೇರಿಸುತ್ತೇವೆ ಎಂಬುದರ ಮೇಲೆ ಅದರ ಬೆಲೆ, ಅದರ ನಿಯಮ, ಅದನ್ನು ಬಳಸುವವರ ಖರ್ಚು ಎಲ್ಲವೂ ನಿರ್ಧಾರವಾಗುತ್ತದೆ. ವಾಣಿಜ್ಯ ವಿಭಾಗದವರು ತೆರಿಗೆಯ ದರಪಟ್ಟಿಯಲ್ಲಿ ಇದನ್ನೇ ಕಾಣುತ್ತೀರಿ.

ವಂದೇ ಭಾರತ್ ಯಾವ ವರ್ಗ?

ಇನ್ನೊಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಇದು: “ವಂದೇ ಭಾರತ್‌ಗೂ ಬೇರೆ ಎಂಜಿನ್ ಇಲ್ಲವಲ್ಲ ಸರ್, ಅದೂ ಬಹುಘಟಕ ರೈಲೇ ಅಲ್ಲವೇ? ಹಾಗಿದ್ದರೆ ಅದರ ನಂಬರು 6ರಿಂದ ಯಾಕೆ ಶುರುವಾಗುವುದಿಲ್ಲ?”

ಬಹಳ ಒಳ್ಳೆಯ ಪ್ರಶ್ನೆ. 2018ರಲ್ಲಿ ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ “ಟ್ರೈನ್ 18” ಎಂಬ ಹೆಸರಿನಲ್ಲಿ ತಯಾರಿಸಿದ ಈ ಗಾಡಿ ನಿಜಕ್ಕೂ ವಿದ್ಯುತ್ ಬಹುಘಟಕ ರೈಲು. ಅದರ ಅಚ್ಚುಗಳಲ್ಲಿ ಅರ್ಧದಷ್ಟಕ್ಕೆ ಮೋಟಾರಿದೆ. ಆದರೆ 2022ರ ನವೆಂಬರ್ 11ರಂದು ಆರಂಭವಾದ ಚೆನ್ನೈ–ಮೈಸೂರು ವಂದೇ ಭಾರತ್‌ನ ಸಂಖ್ಯೆಗಳು 20607 ಮತ್ತು 20608. 2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ಗಾಡಿಯವು 20661 ಮತ್ತು 20662. ಎಲ್ಲವೂ 2ರಿಂದ ಆರಂಭ.

ಕಾರಣ ಇಷ್ಟೇ: ನಾವು ಫಲಕದಲ್ಲಿ ಓದುವ ಐದು ಅಂಕಿ ಯಂತ್ರದ ಸಂಖ್ಯೆಯಲ್ಲ, ಸೇವೆಯ ಸಂಖ್ಯೆ. “ಈ ಗಾಡಿ ಹೇಗೆ ಓಡುತ್ತದೆ” ಎಂಬುದಕ್ಕಿಂತ “ಈ ಓಟ ಎಂಥದ್ದು” ಎಂಬುದನ್ನು ಅದು ಹೇಳುತ್ತದೆ. ವಂದೇ ಭಾರತ್ ದೂರ ಪ್ರಯಾಣದ ವೇಗದ ಸೇವೆ, ಆದ್ದರಿಂದ 2. ಮೆಮು, ಡೆಮುಗಳಲ್ಲಿ ಮಾತ್ರ ಸೇವೆ ಮತ್ತು ಯಂತ್ರ ಎರಡೂ ಒಂದೇ ಅಂಕಿಯಲ್ಲಿ ಸೇರಿಕೊಂಡಿವೆ.

ಬೆಂಗಳೂರಿನ ಸಿಟಿ ಬಸ್ಸನ್ನು ನೆನೆದುಕೊಳ್ಳಿ. ಹಣೆಯ ಮೇಲಿನ ಬೋರ್ಡಿನಲ್ಲಿ ಮಾರ್ಗದ ಸಂಖ್ಯೆ ಇರುತ್ತದೆ. ಕೆಳಗೆ ಕೆಎ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಬೆಳಿಗ್ಗೆ ಒಂದು ಮಾರ್ಗದಲ್ಲಿ ಓಡಿದ ಬಸ್ಸು ಸಂಜೆ ಇನ್ನೊಂದು ಮಾರ್ಗದಲ್ಲಿ ಓಡಬಹುದು. ಬೋರ್ಡು ಬದಲಾಗುತ್ತದೆ, ನೋಂದಣಿ ಸಂಖ್ಯೆ ಬದಲಾಗುವುದಿಲ್ಲ. ರೈಲಿನಲ್ಲೂ ಹಾಗೆಯೇ ಎರಡು ಬೇರೆ ಪ್ರಶ್ನೆಗಳಿವೆ: ಯಾವ ಓಟ? ಯಾವ ಯಂತ್ರ?

ನಮ್ಮ ಸಾಮಾನ್ಯ ಬೋಗಿಗಳ ಮೈಮೇಲೆ ಬರೆದಿರುವ ಸಂಖ್ಯೆ ಎರಡನೆಯ ಬಗೆಯದು. ಅದರ ಮೊದಲ ಎರಡು ಅಂಕಿಗಳು ಸಾಮಾನ್ಯವಾಗಿ ಬೋಗಿ ತಯಾರಾದ ವರ್ಷ. 98 ಎಂದಿದ್ದರೆ 1998. ಮುಂದಿನ ಸಲ ಗಾಡಿ ಕಾಯುವಾಗ ಗಮನಿಸಿ, ನಿಮಗಿಂತ ಹಿರಿಯ ಬೋಗಿಗಳು ಸಿಗಬಹುದು.

ಬ್ರಿಟನ್ನಿನ ಪದ್ಧತಿ: ಮೊದಲು ಯಂತ್ರ

ಈ ಎರಡು ಪ್ರಶ್ನೆಗಳನ್ನು ಪೂರ್ತಿ ಬೇರೆ ಮಾಡಿದ ದೇಶ ಬ್ರಿಟನ್. ಅಲ್ಲಿ ಪ್ರತಿ ಓಟಕ್ಕೆ ನಾಲ್ಕು ಅಕ್ಷರಾಂಕಗಳ ಸಂಕೇತ ಇರುತ್ತದೆ: ಒಂದು ಅಂಕಿ, ಒಂದು ಅಕ್ಷರ, ಮತ್ತೆ ಎರಡು ಅಂಕಿ. ಮೊದಲ ಅಂಕಿ 1 ಆದರೆ ಎಕ್ಸ್‌ಪ್ರೆಸ್, 2 ಆದರೆ ಸಾಮಾನ್ಯ ಪ್ಯಾಸೆಂಜರ್, 5 ಆದರೆ ಜನರಿಲ್ಲದ ಖಾಲಿ ಗಾಡಿ.

ಯಂತ್ರದ ಸಂಖ್ಯೆ ಬೇರೆ. 1970ರ ದಶಕದ ಆರಂಭದಲ್ಲಿ ಬ್ರಿಟಿಷ್ ರೈಲು ಇಲಾಖೆ ಅಮೆರಿಕದ ಸದರ್ನ್ ಪೆಸಿಫಿಕ್ ರೈಲುಮಾರ್ಗದಿಂದ ಟಾಪ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ತಂದಿತು. ಅದರಂತೆ ಬಹುಘಟಕ ರೈಲುಗಳಿಗೆ ಮೂರಂಕಿಯ ವರ್ಗಸಂಖ್ಯೆ ನಿಗದಿಯಾಯಿತು:

100ರಿಂದ 199 – ಗೇರ್ ಅಥವಾ ದ್ರವಚಾಲಿತ ಡೀಸೆಲ್ ಗಾಡಿಗಳು
200ರಿಂದ 299 – ಡೀಸೆಲ್‌ನಿಂದ ವಿದ್ಯುತ್ ಉತ್ಪಾದಿಸಿ ಓಡುವ ಗಾಡಿಗಳು
300ರಿಂದ 399 – ತಲೆಯ ಮೇಲಿನ ತಂತಿಯಿಂದ ಪರ್ಯಾಯ ವಿದ್ಯುತ್ ಪಡೆಯುವ ಗಾಡಿಗಳು, ಎರಡೂ ಬಗೆಯ ವಿದ್ಯುತ್ತಿನಲ್ಲಿ ಓಡುವವೂ ಸೇರಿ
400ರಿಂದ 499 – ದಕ್ಷಿಣ ವಲಯದ, ಪಕ್ಕದ ಮೂರನೆಯ ಹಳಿಯಿಂದ ಏಕಮುಖ ವಿದ್ಯುತ್ ಪಡೆಯುವ ಗಾಡಿಗಳು
500ರಿಂದ 599 – ಉಳಿದ ಏಕಮುಖ ವಿದ್ಯುತ್ ಗಾಡಿಗಳು

ಮುಂದೆ 700 ಮತ್ತು 800ರ ಸಾಲುಗಳೂ ಸೇರಿದವು. ವರ್ಗಸಂಖ್ಯೆಯ ನಂತರ ಇನ್ನೂ ಮೂರು ಅಂಕಿ ಇರುತ್ತದೆ, ಅದು ಆ ವರ್ಗದೊಳಗಿನ ಗಾಡಿಯ ಕ್ರಮಸಂಖ್ಯೆ. 390 001 ಎಂದರೆ 390ನೆಯ ವರ್ಗದ ಮೊದಲ ಗಾಡಿ. ಲಂಡನ್ನಿನಿಂದ ಪಶ್ಚಿಮ ಕರಾವಳಿ ಮಾರ್ಗದಲ್ಲಿ ಓಡುವ, ತಿರುವಿನಲ್ಲಿ ಮೈ ವಾಲಿಸುವ ಪೆಂಡೋಲಿನೊ ಗಾಡಿಗಳ ವರ್ಗ ಅದು.

ನಮ್ಮ ಡೆಮುವನ್ನು ಅಲ್ಲಿ ಓಡಿಸಿದರೆ ಅದು 200ರ ಸಾಲಿಗೆ ಹೋಗುತ್ತಿತ್ತು, ಮೆಮು 300ರ ಸಾಲಿಗೆ. ಸಂಖ್ಯೆ ನೋಡಿದ ಕೂಡಲೇ ಈ ಗಾಡಿ ಎಲ್ಲಿ ಓಡಬಲ್ಲದು, ಯಾವ ಡಿಪೋದಲ್ಲಿ ದುರಸ್ತಿ ಸಾಧ್ಯ, ಯಾವ ತರಬೇತಿ ಪಡೆದ ಚಾಲಕ ಬೇಕು ಎಂಬುದರ ಅಂದಾಜು ಸಿಬ್ಬಂದಿಗೆ ಸಿಗುತ್ತದೆ.

ಆದರೆ ಯಾವ ಪಟ್ಟಿಯೂ ಪೂರ್ತಿ ಅಚ್ಚುಕಟ್ಟಾಗಿ ಉಳಿಯುವುದಿಲ್ಲ. 377ನೆಯ ವರ್ಗದ ಬಹುತೇಕ ಗಾಡಿಗಳು ಮೂರನೆಯ ಹಳಿಯ ವಿದ್ಯುತ್ತಿನಲ್ಲೇ ಓಡುತ್ತವೆ. ಆದರೂ ಅವು 400ರಲ್ಲಿಲ್ಲ, 300ರಲ್ಲಿವೆ. ತಂತಿಯ ವಿದ್ಯುತ್ತಿಗೆ ಬೇಕಾದ ಉಪಕರಣವನ್ನು ಮುಂದೆ ಜೋಡಿಸಲು ಸಾಧ್ಯವಾಗುವಂತೆ ಅವುಗಳನ್ನು ರಚಿಸಿದ್ದರಿಂದ ಹೀಗೆ. ಜೀವಶಾಸ್ತ್ರದಲ್ಲಿ ಪ್ಲಾಟಿಪಸ್ ಮೊಟ್ಟೆಯಿಟ್ಟರೂ ಸಸ್ತನಿಗಳ ಗುಂಪಿನಲ್ಲಿದೆಯಲ್ಲ, ಹಾಗೆ. ಗುಂಪು ಮಾಡುವಾಗ ಯಾವ ಲಕ್ಷಣಕ್ಕೆ ಮೊದಲ ಸ್ಥಾನ ಎಂಬುದನ್ನು ಮನುಷ್ಯರೇ ತೀರ್ಮಾನಿಸಬೇಕು.

ಜಪಾನಿನ ಪದ್ಧತಿ: ಬೋಗಿಗೊಂದು ಹೆಸರು

ಜಪಾನ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಗಾಡಿಗೆ ಮಾತ್ರವಲ್ಲ, ಪ್ರತಿ ಬೋಗಿಗೂ ಅದರ ಕೆಲಸ ಹೇಳುವ ಅಕ್ಷರಗಳಿವೆ. ಚಾಲಕನ ಕೋಣೆ ಇದ್ದರೆ “ಕು”, ಮೋಟಾರಿದ್ದರೆ “ಮೊ”, ಎರಡೂ ಇಲ್ಲದಿದ್ದರೆ “ಸಾ”. ಎರಡೂ ಇದ್ದರೆ “ಕುಮೊ”. ಡೀಸೆಲ್ ಬೋಗಿಯಾದರೆ “ಕಿ”.

ನಂತರದ ಅಕ್ಷರ ದರ್ಜೆಯನ್ನು ಹೇಳುತ್ತದೆ. ನಾವು ಅ, ಆ, ಇ ಎಂದು ಎಣಿಸುವಂತೆ ಜಪಾನಿನಲ್ಲಿ ಇ, ರೊ, ಹಾ ಎಂಬ ಹಳೆಯ ಅಕ್ಷರಕ್ರಮವಿದೆ. ಮೊದಲನೆಯ ದರ್ಜೆಗೆ ಇ, ಎರಡನೆಯದಕ್ಕೆ ರೊ, ಮೂರನೆಯದಕ್ಕೆ ಹಾ. 1960ರಲ್ಲಿ ಮೂರು ದರ್ಜೆಗಳ ಬದಲು ಎರಡೇ ದರ್ಜೆ ಉಳಿಸಿದರು. ಆದರೂ ಸಾಮಾನ್ಯ ಬೋಗಿಯ ಮೇಲೆ “ಹಾ” ಇಂದಿಗೂ ಇದೆ. ಮೂರನೆಯ ದರ್ಜೆ ಹೋಯಿತು, ಅದರ ಅಕ್ಷರ ಹೋಗಲಿಲ್ಲ!

ಈಗ “ಕುಮೊಹಾ” ಎಂಬುದನ್ನು ಬಿಡಿಸಿ: ಚಾಲಕನ ಕೋಣೆಯೂ ಮೋಟಾರೂ ಇರುವ ಸಾಮಾನ್ಯ ದರ್ಜೆಯ ಬೋಗಿ. “ಸಾರೊ” ಎಂದರೆ ಕೋಣೆಯೂ ಮೋಟಾರೂ ಇಲ್ಲದ ಮೇಲ್ದರ್ಜೆಯ ಬೋಗಿ. ಸಂಧಿ ಬಿಡಿಸಿದಷ್ಟೇ ಸುಲಭ.

ಅಕ್ಷರಗಳ ನಂತರ ಮೂರು ಅಂಕಿ ಬರುತ್ತದೆ. 1959ರಲ್ಲಿ ಜಪಾನಿನ ರಾಷ್ಟ್ರೀಯ ರೈಲ್ವೆ ಮಾಡಿದ ನಿಯಮದಂತೆ ನೂರರ ಸ್ಥಾನ ವಿದ್ಯುತ್ತಿನ ಬಗೆ: 1, 2, 3 ಏಕಮುಖ, 4, 5, 6 ಎರಡೂ, 7, 8 ಪರ್ಯಾಯ. ಹತ್ತರ ಸ್ಥಾನ ಬಳಕೆ: ಸಣ್ಣ ಅಂಕಿಗಳು ನಗರ ಮತ್ತು ಸುತ್ತಲಿನ ಓಡಾಟಕ್ಕೆ, 8 ದೂರದ ವಿಶೇಷ ಎಕ್ಸ್‌ಪ್ರೆಸ್‌ಗೆ. ಹೀಗಾಗಿ 103 ಎಂದರೆ ಏಕಮುಖ ವಿದ್ಯುತ್ತಿನ ನಗರ ಗಾಡಿ. 485 ಎಂದರೆ ಎರಡೂ ಬಗೆಯ ವಿದ್ಯುತ್ತಿನಲ್ಲಿ ಓಡುವ ವಿಶೇಷ ಎಕ್ಸ್‌ಪ್ರೆಸ್.

ಈ 485ರ ಹಿಂದೆ ಭೌತಶಾಸ್ತ್ರದ ಕಥೆಯೊಂದಿದೆ. ಜಪಾನಿನ ಪೂರ್ವ ಭಾಗದಲ್ಲಿ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್, ಪಶ್ಚಿಮದಲ್ಲಿ 60. ಮೊದಲು 60 ಹರ್ಟ್ಸ್‌ಗೆ 481 ಎಂಬ ಸರಣಿ ಬಂತು, ನಂತರ 50ಕ್ಕೆ 483 ಬಂತು. ಕೊನೆಗೆ ಏಕಮುಖ ವಿದ್ಯುತ್ತಿನ ಜೊತೆಗೆ ಎರಡೂ ಆವೃತ್ತಿಗಳಲ್ಲಿ ಓಡಬಲ್ಲ 485ನ್ನು ತಯಾರಿಸಿದರು. ಮೂರು ಸಂಖ್ಯೆಗಳನ್ನು ಸಾಲಾಗಿ ಓದಿದರೆ ಒಂದು ದೇಶ ತನ್ನ ಕಷ್ಟವನ್ನು ಹಂತ ಹಂತವಾಗಿ ಬಗೆಹರಿಸಿಕೊಂಡದ್ದು ಕಾಣುತ್ತದೆ.

ತಪ್ಪು ಹಿಡಿಯುವ ಅಂಕಿ

ಗಣಿತ ಇಷ್ಟಪಡುವವರಿಗೆ ಯುರೋಪಿನ ಪದ್ಧತಿಯನ್ನು ಕೊನೆಗೆ ಉಳಿಸಿದ್ದೇನೆ. ಅಲ್ಲಿ ಗಾಡಿಗಳು ದೇಶದಿಂದ ದೇಶಕ್ಕೆ ದಾಟುತ್ತವೆ. ಆದ್ದರಿಂದ ಪ್ರತಿ ವಾಹನಕ್ಕೂ ಹನ್ನೆರಡು ಅಂಕಿಗಳ ಸಂಖ್ಯೆ. ಮೊದಲ ಎರಡು ಅಂಕಿ ಬಗೆಯನ್ನು ಹೇಳುತ್ತವೆ: 93 ಎಂದರೆ ಅತಿವೇಗದ ವಿದ್ಯುತ್ ಬಹುಘಟಕ, 94 ಎಂದರೆ ಇತರ ವಿದ್ಯುತ್ ಬಹುಘಟಕ, 95 ಎಂದರೆ ಡೀಸೆಲ್ ಬಹುಘಟಕ. ಮುಂದಿನ ಎರಡು ಅಂಕಿ ದೇಶ: ಜರ್ಮನಿಗೆ 80, ಫ್ರಾನ್ಸಿಗೆ 87, ಸ್ವಿಟ್ಜರ್ಲೆಂಡಿಗೆ 85. ನಂತರ ಏಳು ಅಂಕಿ ವಾಹನದ ವರ್ಗ ಮತ್ತು ಕ್ರಮ. ಹನ್ನೆರಡನೆಯದು ತಪಾಸಣಾ ಅಂಕಿ.

ಜರ್ಮನಿಯ ಐಸಿಇ-3 ಅತಿವೇಗದ ಗಾಡಿ 403ನೆಯ ವರ್ಗ. ಅದರ ಮಾದರಿಯಲ್ಲಿ ಹನ್ನೊಂದು ಅಂಕಿ ಬರೆಯೋಣ:

9 3 8 0 5 4 0 3 0 0 1

ಬಲಗಡೆಯಿಂದ ಆರಂಭಿಸಿ ಒಂದು ಬಿಟ್ಟು ಒಂದನ್ನು ಎರಡರಿಂದ ಗುಣಿಸಿ, ನಡುವಿನವನ್ನು ಹಾಗೇ ಇಡಿ. ಗುಣಲಬ್ಧ ಎರಡಂಕಿ ಬಂದರೆ ಆ ಎರಡನ್ನು ಕೂಡಿಸಿ (18 ಬಂದರೆ 1+8=9). ಎಡದಿಂದ ಬರೆದರೆ ಸಿಗುವುದು:

9, 3, 7, 0, 1, 4, 0, 3, 0, 0, 2

ಒಟ್ಟು 29. ಮುಂದಿನ ಹತ್ತರ ಗುಣಕ 30. ಅದಕ್ಕೆ ಬೇಕಾದದ್ದು 1. ಅದೇ ತಪಾಸಣಾ ಅಂಕಿ. ಪೂರ್ತಿ ಸಂಖ್ಯೆ 93 80 5403 001-1.

ಯಾರೋ 403 ಬರೆಯುವ ಬದಲು ಅವಸರದಲ್ಲಿ 430 ಎಂದು ಬರೆದರು ಎನ್ನಿ. ಆಗ ಒಟ್ಟು 32 ಆಗುತ್ತದೆ, ತಪಾಸಣಾ ಅಂಕಿ 8 ಆಗಬೇಕಿತ್ತು. ಕೊನೆಯಲ್ಲಿ 1 ಇರುವುದರಿಂದ ಕಂಪ್ಯೂಟರ್ ಕೂಡಲೇ “ತಪ್ಪು” ಎನ್ನುತ್ತದೆ. ಒಂದೇ ಅಂಕಿ ತಪ್ಪಾದರೆ ಖಂಡಿತ ಸಿಕ್ಕಿಬೀಳುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಸಿಗುತ್ತದೆ, 09 ಮತ್ತು 90ರ ಅದಲುಬದಲೊಂದನ್ನು ಬಿಟ್ಟು. ಅದು ಯಾಕೆ ಸಿಗುವುದಿಲ್ಲ ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಿ.

ಈ ವಿಧಾನವನ್ನು ಕಂಡುಹಿಡಿದವರು ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್. ಅವರಿಗೆ 1960ರಲ್ಲಿ ಇದರ ಪೇಟೆಂಟ್ ದೊರೆಯಿತು. ಬ್ಯಾಂಕ್ ಕಾರ್ಡುಗಳ ಸಂಖ್ಯೆಯಲ್ಲೂ, ನಿಮ್ಮ ಮೊಬೈಲಿನ 15 ಅಂಕಿಗಳ ಐಎಂಇಐ ಸಂಖ್ಯೆಯಲ್ಲೂ ಇದೇ ಲೆಕ್ಕವಿದೆ. ನಮ್ಮ ಗೂಡ್ಸ್ ಗಾಡಿಗಳ ವ್ಯಾಗನ್‌ಗಳ ಮೇಲೂ 11 ಅಂಕಿಗಳ ಸಂಖ್ಯೆಯಿದ್ದು, ಕೊನೆಯದು ತಪಾಸಣಾ ಅಂಕಿ. ಅಲ್ಲಿ ಲೆಕ್ಕ ಸ್ವಲ್ಪ ಬೇರೆ: ಮೊದಲ ಹತ್ತರಲ್ಲಿ ಸಮಸ್ಥಾನಗಳ ಅಂಕಿಗಳನ್ನು ಕೂಡಿಸಿ ಮೂರರಿಂದ ಗುಣಿಸಬೇಕು, ಬೆಸಸ್ಥಾನಗಳ ಮೊತ್ತ ಸೇರಿಸಬೇಕು, ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಬೇಕೋ ಅದೇ ಹನ್ನೊಂದನೆಯ ಅಂಕಿ. ರೈಲ್ವೆ ಗೇಟು ಹಾಕಿದಾಗ ಬೇಸರಪಡುವ ಬದಲು ಒಂದು ವ್ಯಾಗನ್ ಸಂಖ್ಯೆ ಬರೆದುಕೊಂಡು ಲೆಕ್ಕ ಮಾಡಿ.

ನಿಮಗೆ ಕೆಲವು ಪ್ರಶ್ನೆಗಳು

1. ಫಲಕದಲ್ಲಿ 76ರಿಂದ ಆರಂಭವಾಗುವ ಸಂಖ್ಯೆ ಕಂಡಿತು. ಅದು ಎಂಥ ಗಾಡಿ? ಆರ್ಡಿನರಿ ಟಿಕೆಟ್ ಸಲ್ಲುತ್ತದೆಯೇ?
2. ನಮ್ಮ ಮೆಟ್ರೊ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟಿನ ಏಕಮುಖ ವಿದ್ಯುತ್ ಪಡೆದು ಓಡುತ್ತದೆ. ಅದು ಬ್ರಿಟನ್ನಿನ ಗಾಡಿಯಾಗಿದ್ದರೆ ಯಾವ ನೂರರ ಸಾಲಿಗೆ ಸೇರುತ್ತಿತ್ತು?
3. ಜಪಾನಿನ ಬೋಗಿಯೊಂದರ ಮೇಲೆ “ಕುಹಾ” ಎಂದಿದೆ. ಅದರಲ್ಲಿ ಏನಿದೆ, ಏನಿಲ್ಲ?
4. 94 80 0423 001 ಎಂಬ ಹನ್ನೊಂದು ಅಂಕಿಗಳಿಗೆ ತಪಾಸಣಾ ಅಂಕಿ ಯಾವುದು?

ಉತ್ತರಗಳು: (1) ದಕ್ಷಿಣ ಅಥವಾ ನೈಋತ್ಯ ವಲಯದ ಡೆಮು, ಸಲ್ಲುತ್ತದೆ. (2) ದಕ್ಷಿಣ ವಲಯದಲ್ಲಿ ಓಡಿದ್ದರೆ 400ರ ಸಾಲು, ಬೇರೆಡೆ ಓಡಿದ್ದರೆ 500ರ ಸಾಲು. (3) ಚಾಲಕನ ಕೋಣೆಯಿದೆ, ಮೋಟಾರಿಲ್ಲ, ಸಾಮಾನ್ಯ ದರ್ಜೆ. (4) ಮೊತ್ತ 33, ಆದ್ದರಿಂದ 7.

ಕೊನೆಯದಾಗಿ

ಸಂಖ್ಯೆ ಕಂಡಾಗ ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಇದು ಯಾವುದರ ಸಂಖ್ಯೆ, ಓಟದ್ದೋ ಯಂತ್ರದ್ದೋ? ಇದರ ಒಂದೊಂದು ಸ್ಥಾನ ಏನು ಹೇಳುತ್ತದೆ? ಈ ಗುಂಪಿಗೆ ಸೇರಿದ್ದರಿಂದ ಯಾರಿಗೆ ಏನು ವ್ಯತ್ಯಾಸ? ನಿಮ್ಮ ನೋಂದಣಿ ಸಂಖ್ಯೆ, ಪುಸ್ತಕದ ಹಿಂದಿನ ಐಎಸ್‌ಬಿಎನ್, ಊರಿನ ಪಿನ್‌ಕೋಡ್ – ಎಲ್ಲವನ್ನೂ ಹೀಗೆ ಓದಬಹುದು.

ಆ ಹುಡುಗನ ರೆಕಾರ್ಡ್ ಪುಸ್ತಕದ ವ್ಯವಸ್ಥೆ ಅಂದೇ ಆಯಿತು, ಆ ಬಗ್ಗೆ ಚಿಂತೆ ಬೇಡ. ಈಗ ಅವನು ಪ್ಲಾಟ್‌ಫಾರ್ಮಿನಲ್ಲಿ ತನ್ನ ಗೆಳೆಯರಿಗೆ ಮಾತ್ರವಲ್ಲ, ಓದಲು ಬಾರದ ಹಿರಿಯರಿಗೂ “ಅಜ್ಜಿ, ಇದು ಎಕ್ಸ್‌ಪ್ರೆಸ್, ನಿಮ್ಮ ಟಿಕೆಟ್‌ಗೆ ಮುಂದಿನ ಗಾಡಿ” ಎಂದು ಹೇಳುತ್ತಾನಂತೆ. ನೀವೂ ನಿಮ್ಮ ನಿಲ್ದಾಣದಲ್ಲಿ ಕಂಡ ಸಂಖ್ಯೆಗಳನ್ನು ಬರೆದು ಅರ್ಥ ಬಿಡಿಸಿ ತನ್ನಿ. ಒಳ್ಳೆಯವನ್ನು ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ಹಾಕೋಣ. ಒಂದು ಎಚ್ಚರಿಕೆ: ಬರೆದುಕೊಳ್ಳುವುದು ಪ್ಲಾಟ್‌ಫಾರ್ಮಿನ ಮೇಲಿನ ಹಳದಿ ಗೆರೆಯ ಹಿಂದೆ ನಿಂತೇ ಆಗಲಿ.